ಬೀಜ ಹಾಕಿದ್ದೆಲ್ಲ ಬೆಳೆಯುತ್ತದಾ?

ಭಾನುವಾರ ಮೊಬೈಲ್ ತೆರೆದರೆ ಸಾಕು, ಸೂಟು ತೊಟ್ಟ ಬೋಧಕರೊಬ್ಬರು ‘ವಿಶ್ವಾಸದ ಬೀಜ ಬಿತ್ತಿ’ ಎನ್ನುತ್ತಿರುತ್ತಾರೆ. ಬೀಜ ಎಂದರೆ ರೊಕ್ಕ. ಸಾವಿರ ಕೊಟ್ಟರೆ ದೇವರು ನೂರು ಪಟ್ಟು ಕೊಡುತ್ತಾನೆ, ಸಾಲ ಹರಿಯುತ್ತದೆ, ರೋಗ ಹೋಗುತ್ತದೆ. ಪರದೆಯ ಕೆಳಗೆ ಕ್ಯೂಆರ್ ಕೋಡ್!

ಸಮೃದ್ಧಿಯ ಸುವಾರ್ತೆ ಎಂದು ಹೆಸರಾದ ಈ ಬೋಧನೆ ಹುಟ್ಟಿದ್ದು ಅಮೆರಿಕದಲ್ಲಿ. 1970ರ ಸುಮಾರಿಗೆ ಓರಲ್ ರಾಬರ್ಟ್ಸ್ ಎಂಬ ಟಿವಿ ಬೋಧಕರು ಬೀಜದ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ವಿಶ್ವಾಸ ಪ್ರಮಾಣವನ್ನು, ಮುಂದೆ ಬೆಳೆದ ರೂಪದಲ್ಲಿ, ಸಭೆಗಳು ಇಂದಿಗೂ ಹೇಳುತ್ತವೆ. ಅದರಲ್ಲಿ ಪಾಪಕ್ಷಮೆ ಇದೆ, ಪುನರುತ್ಥಾನ ಇದೆ. ಶ್ರೀಮಂತಿಕೆಯ ಸುದ್ದಿಯೇ ಇಲ್ಲ.

ರಾಮಸಮುದ್ರದ ಸುತ್ತ ತೊಗರಿ, ಹತ್ತಿ ಬಿತ್ತುವ ನಮಗೆ ಬೀಜದ ಮಾತು ಬೇಗ ನಾಟುತ್ತದೆ. ಆದರೆ ಬಿತ್ತಿದ್ದೆಲ್ಲ ಬೆಳೆಯುವುದಿಲ್ಲ ಎಂದು ನಮ್ಮಷ್ಟು ಗೊತ್ತಿರುವವರು ಯಾರು? ಮಳೆ ಕೈಕೊಡುತ್ತದೆ, ತೊಗರಿಗೆ ನೆಟೆ ರೋಗ ಬೀಳುತ್ತದೆ. ಹಾಗಂತ ಊರಲ್ಲಿ ಯಾರೂ ರೈತನ ಭಕ್ತಿ ಕಮ್ಮಿಯಾಯಿತು ಅನ್ನುವುದಿಲ್ಲ.

ನಮ್ಮದೂ ಚರ್ಚಿಗೆ ಹೋಗುವ ಮನೆಯೇ. ನಮ್ಮ ಸಣ್ಣವ್ವ ಸಂಘದ ಸಾಲದಿಂದ ಐದು ಸಾವಿರ ತೆಗೆದು ಹೀಗೇ ಕಳಿಸಿದಳು, ಕಾಕಾನ ಕಿಡ್ನಿ ಬೇನೆ ವಾಸಿಯಾಗಲಿ ಅಂತ. ಆಗಲಿಲ್ಲ. ಫೋನ್ ಮಾಡಿ ಕೇಳಿದರೆ ‘ಮನೆಯಲ್ಲಿ ವಿಶ್ವಾಸ ಸಾಲದು’ ಎಂಬ ಉತ್ತರ. ಕಂತು ಕಟ್ಟುವ ಚಿಂತೆಗಿಂತ ಆ ಮಾತೇ ಅವಳನ್ನು ತಿಂದಿತು. ಲ್ಯಾಬಿನಲ್ಲಿ ರೀಡಿಂಗ್ ತಪ್ಪು ಬಂದರೆ ನಾವು ಉಪಕರಣವನ್ನೂ ಪರೀಕ್ಷಿಸುತ್ತೇವೆ. ಇಲ್ಲಿ ಫಲ ಬಂದರೆ ಬೋಧಕರಿಗೆ ಹೆಸರು, ಬರದಿದ್ದರೆ ಬಡವರದೇ ತಪ್ಪು. ಬೈಬಲಿನ ಯೋಬನ ಗೆಳೆಯರೂ ಹೀಗೇ ವಾದಿಸಿದ್ದರು: ಕಳೆದುಕೊಂಡಿದ್ದೀಯ ಅಂದರೆ ನಿನ್ನಲ್ಲೇ ದೋಷವಿದೆ ಅಂತ. ಕೊನೆಗೆ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ಆ ಗೆಳೆಯರ ಮೇಲೆ.

ಕೈಬಿಚ್ಚಿ ಬಿತ್ತುವ ಮಾತು ಬೈಬಲಿನಲ್ಲಿ ಇದೆ, ನಿಜ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ. ಆದರೆ ಅವನು ರೊಕ್ಕ ಕೂಡಿಸುತ್ತಿದ್ದದ್ದು ಜೆರುಸಲೇಮಿನ ಬಡ ವಿಶ್ವಾಸಿಗಳಿಗೆ. ಉಳ್ಳವರದು ಇಲ್ಲದವರಿಗೆ ಸೇರಲಿ ಎಂಬುದು ಅವನ ಲೆಕ್ಕ. ಅದೇ ಪತ್ರದಲ್ಲಿ ತಾನು ಹಸಿದಿದ್ದನ್ನೂ ಪೆಟ್ಟು ತಿಂದಿದ್ದನ್ನೂ ಬರೆದುಕೊಂಡಿದ್ದಾನೆ. ಅವನ ವಿಶ್ವಾಸವೂ ಸಾಲದಾಗಿತ್ತೇ?

ಯಾದಗಿರಿಯಲ್ಲಿ ಹೋಲ್‌ಸ್ಟನ್ ಆಸ್ಪತ್ರೆ ಕಟ್ಟಿದ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಕೂಡ ದುಡಿಮೆಯನ್ನು ಹಳಿದವರಲ್ಲ. ದುಡಿದು, ಉಳಿಸಿ, ಉಳಿಸಿದ್ದನ್ನು ಹಂಚಿ ಎಂದವರು. ದೇವರು ಬಡತನವನ್ನೇ ಬಯಸುತ್ತಾನೆ ಅಂತ ನಾನೂ ಹೇಳುತ್ತಿಲ್ಲ. ಕಷ್ಟದಲ್ಲಿರುವವರಿಗೆ ಈ ಬೋಧನೆ ಆಸೆಯನ್ನಾದರೂ ಕೊಡುತ್ತದೆ, ಅದಕ್ಕೇ ಜನ ಸೇರುತ್ತಾರೆ. ಲೊಸಾನ್ ಚಳವಳಿಯ ಆಫ್ರಿಕಾದ ದೇವಶಾಸ್ತ್ರಜ್ಞರು 2008 ಮತ್ತು 2009ರಲ್ಲಿ ಘಾನಾದಲ್ಲಿ ಸೇರಿದಾಗ ದೇವರ ಆಶೀರ್ವಾದವನ್ನು ಅಲ್ಲಗಳೆಯಲಿಲ್ಲ. ಅದನ್ನು ಕಾಣಿಕೆಯಿಂದ ಕೊಳ್ಳಬಹುದೆಂಬ ಬೋಧನೆಯನ್ನು ತಳ್ಳಿಹಾಕಿದರು.

ದಶಮಾಂಶ ಕೊಟ್ಟರೆ ಆಕಾಶದ ಬಾಗಿಲು ತೆರೆಯುತ್ತದೆ ಎಂಬ ಮಲಾಕಿಯನ ಮಾತನ್ನು ಎಲ್ಲರೂ ಉದಾಹರಿಸುತ್ತಾರೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಯಾರ ಬಾಯಲ್ಲೂ ಬರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಆ ಹತ್ತನೇ ಪಾಲನ್ನು ಊರಲ್ಲೇ ಇಡಬೇಕು. ಲೇವಿಯರು, ಪರದೇಶಿಗಳು, ತಂದೆಯಿಲ್ಲದ ಮಕ್ಕಳು, ವಿಧವೆಯರು ಅದನ್ನು ಹೊಟ್ಟೆ ತುಂಬ ಉಣ್ಣಬೇಕು ಎನ್ನುತ್ತದೆ ಅದು. ಸಣ್ಣವ್ವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಆ ರೊಕ್ಕ ನಮ್ಮಂಥೋರಿಗೇ ಬರಬೇಕಾಗಿತ್ತಲ್ಲೋ’ ಅಂದಳು.