ಬಾವು ಇಳಿಯಿತು, ಮಾತ್ರೆ ಮುಗಿಯಲಿಲ್ಲ

ಕಾಲು ಬಾತರೆ ನಮ್ಮ ಮನೆಗಳಲ್ಲಿ ಮೊದಲು ಹೊರಗೆ ಬರುವುದು ಎಣ್ಣೆಯ ಬಾಟಲಿ. ಒಬ್ಬರು ತಿಕ್ಕುತ್ತಾರೆ, ಇನ್ನೊಬ್ಬರು ಶಾಖ ಕೊಡುತ್ತಾರೆ, ಮತ್ತೊಬ್ಬರು "ಒಂದು ಹಿಜಾಮ ಮಾಡಿಸಿ, ಕೆಟ್ಟ ರಕ್ತ ಹೋಗ್ಲಿ" ಎನ್ನುತ್ತಾರೆ. ಉಳುಕಿದ ಕಾಲಿಗೆ ಎಣ್ಣೆಯಿಂದ ಸ್ವಲ್ಪ ಸಮಾಧಾನ ಸಿಗಬಹುದು. ಆದರೆ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಸಂಗತಿಯೇ ಬೇರೆ. ಆ ಹೆಪ್ಪಿನ ಒಂದು ತುಂಡು ಕಳಚಿಕೊಂಡು ಹೃದಯದ ಮೂಲಕ ಹಾದು ಶ್ವಾಸಕೋಶದಲ್ಲಿ ಸಿಕ್ಕಿಬಿದ್ದರೆ ಜೀವಕ್ಕೇ ಅಪಾಯ. ಕಾಲಿನ ಹೆಪ್ಪನ್ನು ವೈದ್ಯರು ಡಿವಿಟಿ ಎನ್ನುತ್ತಾರೆ, ಶ್ವಾಸಕೋಶಕ್ಕೆ ಹೋದದ್ದನ್ನು ಪಲ್ಮನರಿ ಎಂಬೋಲಿಸಂ ಎನ್ನುತ್ತಾರೆ.

ಇದು ವಯಸ್ಸಾದವರಿಗೆ ಮಾತ್ರ ಬರುವುದಲ್ಲ. ಕಳೆದ ವರ್ಷ ನನಗೆ ಬಂದಾಗ ನನ್ನ ವಯಸ್ಸು 44. ಬಿಪಿ ಇಲ್ಲ, ಶುಗರ್ ಇಲ್ಲ, ಬೀಡಿ ಸಿಗರೇಟಿನ ಅಭ್ಯಾಸವೂ ಇಲ್ಲ. ಮಳೆಗಾಲದಲ್ಲಿ ಸ್ಕೂಟರ್ ಜಾರಿ ಎಲುಬು ಬಿರುಕು ಬಿಟ್ಟು ಐದು ವಾರ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಪ್ಲಾಸ್ಟರ್ ತೆಗೆದ ನಾಲ್ಕನೇ ರಾತ್ರಿ ಮೀನಖಂಡ ಬಾತು ಕಲ್ಲಿನ ಹಾಗೆ ಬಿಗಿಯಾಯಿತು. ಬೆಳಗ್ಗೆ ಸುಬ್‌ಹಿಗೆ ಮಸೀದಿಯ ಮೆಟ್ಟಿಲು ಹತ್ತುವಾಗ ಏದುಸಿರು ಬಂತು. "ಒಂದೇ ಕಾಲು ಬಾತರೆ ಕಾಯಬೇಡಿ" ಎಂದು ಪ್ಲಾಸ್ಟರ್ ಹಾಕಿದ ಡಾಕ್ಟರ್ ಮೊದಲೇ ಹೇಳಿದ್ದರು. ಹಾಗಾಗಿ ನಮಾಝ್ ಮುಗಿಸಿ ನೇರ ಆಸ್ಪತ್ರೆಗೆ ಹೋದೆವು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಮೊಣಕಾಲಿನ ಹಿಂಭಾಗದಲ್ಲಿ ಹೆಪ್ಪು ಕಂಡಿತು, ಸಿ.ಟಿ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲೂ ಸಣ್ಣದೊಂದು ಕಂಡಿತು.

ಅಲ್‌ಹಮ್ದುಲಿಲ್ಲಾಹ್, ಈಗ ಆರಾಮವಾಗಿದ್ದೇನೆ. ಆ ತಿಂಗಳುಗಳಲ್ಲಿ ನೋಡಲು ಬಂದವರು ಕೇಳಿದ ಪ್ರಶ್ನೆಗಳು, ಕೊಟ್ಟ ಸಲಹೆಗಳು ಬಹಳ. ಅವುಗಳಲ್ಲಿ ಅರ್ಧ ವೈದ್ಯಕೀಯದ್ದು, ಅರ್ಧ ಮಸ್‌ಅಲದ್ದು. ಎರಡನ್ನೂ ಒಂದೇ ಕಡೆ ಬರೆದರೆ ಯಾರಿಗಾದರೂ ಉಪಕಾರವಾದೀತು ಎಂದು ಈ ಲೇಖನ.

ಹಾಲು ಹೆಪ್ಪಾದಂತೆ

ಗಾಯವಾದಾಗ ರಕ್ತ ಗಟ್ಟಿಯಾಗುವುದು ಅಲ್ಲಾಹನ ದೊಡ್ಡ ಅನುಗ್ರಹ. ಇಲ್ಲದಿದ್ದರೆ ತರಕಾರಿ ಹೆಚ್ಚುವಾಗ ಆದ ಸಣ್ಣ ಗಾಯದಿಂದಲೂ ರಕ್ತ ಸುರಿಯುತ್ತಲೇ ಇರುತ್ತಿತ್ತು. ಗಾಯವಿಲ್ಲದ ಜಾಗದಲ್ಲಿ, ನಾಳದ ಒಳಗೇ ಹಾಲು ಹೆಪ್ಪಾದಂತೆ ರಕ್ತ ಹೆಪ್ಪಾಗುವುದು ರೋಗ. 1821ರ ಅಕ್ಟೋಬರ್ 13ರಂದು ಹುಟ್ಟಿದ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅವರ ಹೆಸರಿನಲ್ಲಿ ಇದಕ್ಕೆ ಮೂರು ಕಾರಣಗಳನ್ನು ಇಂದಿಗೂ ಹೇಳುತ್ತಾರೆ: ರಕ್ತ ಹರಿಯದೆ ನಿಂತುಕೊಳ್ಳುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಗಟ್ಟಿಯಾಗುವ ಸ್ವಭಾವಕ್ಕೆ ತಿರುಗುವುದು. ಅವರ ಹುಟ್ಟಿದ ದಿನವನ್ನೇ ಈಗ ವಿಶ್ವ ಥ್ರಾಂಬೋಸಿಸ್ ದಿನವೆಂದು ಆಚರಿಸುತ್ತಾರೆ.

ಈ ಮೂರೂ ನಮ್ಮ ಸುತ್ತಮುತ್ತಲೇ ಉಂಟು. ಪ್ಲಾಸ್ಟರ್ ಹಾಕಿದ ಕಾಲು, ಆಪರೇಷನ್ ಆಗಿ ಮಲಗಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿ ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ತುಂಬಾ ದಪ್ಪಗಿರುವವರು, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೆಪ್ಪು ಬಂದಿದ್ದವರು ಜಾಗ್ರತೆಯಾಗಿರಬೇಕು.

ಗುರುತು ಹೀಗೆ: ಒಂದೇ ಕಾಲು ಬಾಯುವುದು, ಮೀನಖಂಡದಲ್ಲೋ ತೊಡೆಯಲ್ಲೋ ನೋವು, ಮುಟ್ಟಿದರೆ ಬಿಸಿ, ಚರ್ಮದ ಬಣ್ಣ ಬದಲಾಗುವುದು. ಶ್ವಾಸಕೋಶಕ್ಕೆ ಹೋಗಿದ್ದರೆ ಇದ್ದಕ್ಕಿದ್ದಂತೆ ಉಸಿರುಗಟ್ಟುವುದು, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಎದೆಬಡಿತ ಜೋರಾಗುವುದು, ಕೆಮ್ಮಿದಾಗ ರಕ್ತ, ತಲೆತಿರುಗಿ ಬೀಳುವುದು. ಎದೆಯಲ್ಲಿ ಏನೇ ಆದರೂ "ಗ್ಯಾಸ್ ಮಾರಾಯ್ರೆ" ಎಂದು ಸೋಡ ಕುಡಿಸುವ ಅಭ್ಯಾಸ ನಮ್ಮಲ್ಲುಂಟು. ಇಂತಹ ಗುರುತು ಕಂಡರೆ ಸೋಡ ಬೇಡ, ಎಣ್ಣೆ ತಿಕ್ಕುವುದೂ ಬೇಡ. 108ಕ್ಕೆ ಕರೆ ಮಾಡಿ.

ಆ ಇಂಜೆಕ್ಷನ್ ಹಲಾಲಾ?

ನಾನು ಇನ್ನೂ ಆಸ್ಪತ್ರೆಯ ಮಂಚದಲ್ಲಿರುವಾಗಲೇ ಹತ್ತಿರದ ಸಂಬಂಧಿಯೊಬ್ಬರು ಫೋನ್ ಮಾಡಿದರು. "ಉಸ್ತಾದರೇ, ಹೊಟ್ಟೆಗೆ ಚುಚ್ಚುವ ಆ ಇಂಜೆಕ್ಷನ್ ಹಂದಿಯದ್ದಂತೆ, ಹೌದಾ?" ಅವರ ಪ್ರಶ್ನೆ ತಪ್ಪಲ್ಲ. ಹೆಪಾರಿನ್ ಮತ್ತು ಅದರಿಂದ ತಯಾರಾಗುವ ಎನಾಕ್ಸಪರಿನ್ ಇಂಜೆಕ್ಷನ್‌ಗಳು ಬಹುತೇಕ ಹಂದಿಯ ಕರುಳಿನ ಒಳಪೊರೆಯಿಂದಲೇ ಬರುತ್ತವೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಗೊತ್ತಾದ ಮೇಲೆ ಅರ್ಧದಲ್ಲಿ ನಿಲ್ಲಿಸುವವರು ಹೆಚ್ಚಾದರೆ ಅಪಾಯವೂ ಹೆಚ್ಚು.

ಮಸ್‌ಅಲ ಸ್ಪಷ್ಟವಾಗಿಯೇ ಉಂಟು. ಪ್ರಾಣಕ್ಕೆ ಸಂಕಟ ಬಂದಾಗ ನಿಷಿದ್ಧಕ್ಕೂ ರಿಯಾಯಿತಿ ಇದೆ ಎಂಬುದಕ್ಕೆ ಅಲ್-ಬಖರ ಅಧ್ಯಾಯದ 173ನೇ ವಚನ ಆಧಾರ. ನಜಸಾದ ವಸ್ತುವಿನಿಂದ ಚಿಕಿತ್ಸೆ ಮಾಡುವ ಬಗ್ಗೆ ನಮ್ಮ ಶಾಫಿಈ ಮದ್‌ಹಬ್‌ನ ಇಮಾಂ ನವವಿ(ರ)ಯವರು ಅಲ್-ಮಜ್‌ಮೂಅ್‌ನಲ್ಲಿ ಚರ್ಚಿಸಿದ್ದಾರೆ. ಅದೇ ಕೆಲಸ ಮಾಡುವ ಶುದ್ಧ ಔಷಧಿ ಇಲ್ಲದಿದ್ದರೆ, ಬಲ್ಲ ವೈದ್ಯರ ಮಾತಿನಂತೆ ಅದು ಅನುವದನೀಯ ಎಂಬುದು ಅದರ ಸಾರ. ಅವಸರದ ಗಳಿಗೆಯಲ್ಲಿ ಆಸ್ಪತ್ರೆಯಲ್ಲಿ ಕೈಗೆ ಸಿಗುವುದು ಇದೇ ಆಗಿದ್ದರೆ ಒಂದು ಗಂಟೆಯೂ ತಡಮಾಡದೆ ತೆಗೆದುಕೊಳ್ಳಬೇಕು.

ಬದಲಿ ಇದ್ದರೆ ಕೇಳುವ ಹಕ್ಕು ನಮಗುಂಟು. ಫೋಂಡಪರಿನಕ್ಸ್ ಎಂಬ ಇಂಜೆಕ್ಷನ್ ಪ್ರಾಣಿಜನ್ಯವಲ್ಲ, ಲ್ಯಾಬಿನಲ್ಲಿ ತಯಾರಾಗುವಂಥದ್ದು. ರಿವರೊಕ್ಸಬಾನ್, ಅಪಿಕ್ಸಬಾನ್, ವಾರ್ಫರಿನ್ ಮಾತ್ರೆಗಳಲ್ಲೂ ಹೆಪಾರಿನ್ ಇಲ್ಲ. "ಡಾಕ್ಟ್ರೇ, ನನಗೆ ಇದು ಆಗ್ತದಾ?" ಎಂದು ಕೇಳಿ. ಕಿಡ್ನಿ, ವಯಸ್ಸು, ರೋಗದ ಗಂಭೀರತೆ ನೋಡಿ ಅವರು ಹೇಳುತ್ತಾರೆ. ತೀರ್ಮಾನ ಅವರಿಗೆ ಬಿಡಿ.

ಮೂರು ತಿಂಗಳ ಸಬರ್

ಎರಡು ವಾರದಲ್ಲಿ ನನ್ನ ಕಾಲಿನ ಬಾವು ಹೆಚ್ಚುಕಡಿಮೆ ಇಳಿಯಿತು. ನೋಡಿದವರೆಲ್ಲ "ಇನ್ನೆಂತಕ್ಕೆ ಮಾತ್ರೆ? ಹೆಚ್ಚು ತಿಂದರೆ ಕಿಡ್ನಿ ಹೋಗ್ತದೆ" ಎನ್ನತೊಡಗಿದರು. ಈ ರೋಗದಲ್ಲಿ ನಮ್ಮವರು ಎಡವುವುದು ಇಲ್ಲೇ.

ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತೇವಲ್ಲ, ಅದು ಹೆಪ್ಪನ್ನು ಕರಗಿಸುವುದಿಲ್ಲ. ಹೆಪ್ಪು ದೊಡ್ಡದಾಗದಂತೆ, ಹೊಸದು ಹುಟ್ಟದಂತೆ ತಡೆಯುವುದಷ್ಟೇ ಅದರ ಕೆಲಸ. ಇದ್ದದ್ದನ್ನು ಕರಗಿಸುವುದು ನಮ್ಮ ದೇಹವೇ. ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಹೊರಗೆ ಕಾಲು ಸರಿ ಕಂಡರೂ ಒಳಗೆ ಕೆಲಸ ನಡೆಯುತ್ತಿರುತ್ತದೆ. ಆ ನಡುವೆ ಮಾತ್ರೆ ನಿಲ್ಲಿಸಿದರೆ ಹೊಸ ಹೆಪ್ಪಿಗೆ ಬಾಗಿಲು ತೆರೆದಂತೆ. ಆಪರೇಷನ್, ಪ್ಲಾಸ್ಟರ್‌ನಂತಹ ತಾತ್ಕಾಲಿಕ ಕಾರಣದಿಂದ ಬಂದದ್ದಾದರೆ ಸಾಮಾನ್ಯವಾಗಿ ಮೂರು ತಿಂಗಳು ಕೊಡುತ್ತಾರೆ. ಕಾರಣವೇ ಕಾಣದಿದ್ದರೆ, ಅಥವಾ ಮತ್ತೆ ಬಂದರೆ ಇನ್ನೂ ಮುಂದುವರಿಸಬೇಕಾಗಬಹುದು. ಮಾತ್ರೆ ದುಬಾರಿಯಾದರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ, ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ.

ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ಈ ರೋಗಕ್ಕೆ ಅದು ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲ ತಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರವಿಡೀ ತಿನ್ನದೆ ಒಂದೇ ದಿನ ಬುಟ್ಟಿ ತುಂಬ ನುಗ್ಗೆಸೊಪ್ಪು ಬೇಯಿಸಿ ತಿನ್ನುವುದು ಬೇಡ, ಪ್ರತಿವಾರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ.

ಯಾವ ಮಾತ್ರೆಯಾದರೂ ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ರಕ್ತಸ್ರಾವವಾಗುತ್ತದೆ. ಕರಿಜೀರಿಗೆ ಎಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್ ತೆಗೆದುಕೊಳ್ಳುವವರು ಡಾಕ್ಟರಿಗೆ ತಿಳಿಸಿ. ಹಲ್ಲು ಕೀಳಿಸುವ ಮೊದಲೂ ತಿಳಿಸಿ. ತಲೆಗೆ ಪೆಟ್ಟಾದರೆ, ಮಲ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹಿಜಾಮದ ಬಗ್ಗೆ ಬಿಡಿಸಿ ಹೇಳುತ್ತೇನೆ. ಅದು ಸುನ್ನತ್ ಎಂಬ ಗೌರವ ನಮಗೆಲ್ಲ ಇದೆ. ಆದರೆ ರಕ್ತ ತೆಳು ಮಾಡುವ ಮಾತ್ರೆ ಸೇವಿಸುವವರ ಚರ್ಮ ಗೀರಿದರೆ ರಕ್ತ ನಿಲ್ಲುವುದು ಕಷ್ಟ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಕಲಿಸಿದ ಪ್ರವಾದಿ(ಸ)ಯವರೇ ತನಗೂ ಇತರರಿಗೂ ಹಾನಿ ಮಾಡಬಾರದೆಂದೂ ಕಲಿಸಿದ್ದಾರೆ. ಮಾತ್ರೆ ಮುಗಿಯುವ ತನಕ ಹಿಜಾಮ ಬೇಡ.

ವುಳೂ, ನೋಂಬು

ಈ ಮಾತ್ರೆಯಿಂದ ಹಲ್ಲುಜ್ಜುವಾಗ ಒಸಡಿನಲ್ಲಿ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುತ್ತದೆ. ಶಾಫಿಈ ಮದ್‌ಹಬ್ ಪ್ರಕಾರ ಇದರಿಂದ ವುಳೂ ಮುರಿಯುವುದಿಲ್ಲ. ರಕ್ತವನ್ನು ತೊಳೆದರಾಯಿತು. ಹೆಂಗಸರಿಗೆ ಮುಟ್ಟಿನ ಸ್ರಾವ ಹೆಚ್ಚಾಗಬಹುದು. ಹೈಳ್‌ನ ಗರಿಷ್ಠ ಅವಧಿ 15 ದಿನ, ಅದನ್ನು ದಾಟಿದರೆ ಇಸ್ತಿಹಾಳದ ವಿಧಿ ಬರುತ್ತದೆ. ಅದರ ವಿವರ ಬಲ್ಲವರಲ್ಲಿ ಕೇಳಿಕೊಳ್ಳಿ, ನಾಚಿಕೆಯಿಂದ ಮಾತ್ರೆ ಬಿಡಬೇಡಿ.

ಹೊಸತಾಗಿ ಹೆಪ್ಪು ಬಂದ ವಾರಗಳಲ್ಲಿ ರಂಝಾನ್ ಬಂದರೆ ಹಠ ಬೇಡ. ರೋಗಿಗೆ ಬೇರೆ ದಿನಗಳಲ್ಲಿ ನೋಂಬು ಹಿಡಿಯುವ ರಿಯಾಯಿತಿ ಕುರ್‌ಆನಿನಲ್ಲೇ ಇದೆ. ಸ್ಥಿರವಾದ ಮೇಲೆ ಡಾಕ್ಟರ್ ಒಪ್ಪಿದರೆ ಹೊಂದಿಸಿಕೊಳ್ಳಲು ದಾರಿ ಉಂಟು. ದಿನಕ್ಕೊಮ್ಮೆ ಊಟದ ಜೊತೆ ತೆಗೆದುಕೊಳ್ಳುವ ರಿವರೊಕ್ಸಬಾನ್ ಇಫ್ತಾರ್‌ನ ಊಟಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲದ ಅಪಿಕ್ಸಬಾನ್ ಇಫ್ತಾರ್‌ಗೆ ಒಂದು, ಅತ್ತಾಳಕ್ಕೆ ಒಂದು. ಚರ್ಮದಡಿ ಚುಚ್ಚುವ ಇಂಜೆಕ್ಷನ್‌ನಿಂದ ನೋಂಬು ಮುರಿಯುವುದಿಲ್ಲ. ಸಮಯ ಬದಲಿಸುವ ಮೊದಲು, ಶಅಬಾನ್‌ನಲ್ಲೇ, ಡಾಕ್ಟರನ್ನು ಕಾಣಿ.

ಬಾಣಂತಿಯ ನಲ್ವತ್ತು ದಿನ

ಹೆರಿಗೆಯ ನಂತರದ ಆರು ವಾರ ಹೆಪ್ಪುಗಟ್ಟುವ ಅಪಾಯ ಅತಿ ಹೆಚ್ಚು. ನಮ್ಮ ನಲ್ವತ್ತು ದಿನದ ಬಾಣಂತನವೂ ಸರಿಯಾಗಿ ಇದೇ ಸಮಯಕ್ಕೆ ಬರುತ್ತದೆ. ಆರೈಕೆ ಒಳ್ಳೆಯದೇ. ಆದರೆ ಮಂಚದಿಂದ ಇಳಿಯಲೇ ಬಿಡದೆ, ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ನೀರನ್ನೂ ಅಳೆದು ಕೊಡುವುದು ಅಪಾಯ. ಸಿಸೇರಿಯನ್ ಆದವರಿಗೆ ಇನ್ನೂ ಹೆಚ್ಚು. ಮನೆಯೊಳಗೆ ನಡೆಯಲಿ, ಬಾಯಾರಿದಷ್ಟು ಕುಡಿಯಲಿ.

ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಸಿಸೇರಿಯನ್ ಆದ ಮರುದಿನ ಉಸಿರಾಟದ ತೊಂದರೆ ಅನುಭವಿಸಿದರು. ಆರು ವರ್ಷದ ಹಿಂದೆ ಶ್ವಾಸಕೋಶದ ಹೆಪ್ಪು ಬಂದಿದ್ದ ಕಾರಣ ಇದೇನೆಂದು ಅವರಿಗೆ ಅಂದಾಜಿತ್ತು. ಮೊದಲು ಕಾಲಿನ ಸ್ಕ್ಯಾನ್ ಮಾಡಿದಾಗ ಏನೂ ಕಾಣಲಿಲ್ಲ. ಅವರು ಪಟ್ಟು ಹಿಡಿದ ಮೇಲೆ ಸಿ.ಟಿ. ಮಾಡಿದರು, ಶ್ವಾಸಕೋಶದಲ್ಲಿ ಹೆಪ್ಪುಗಳಿದ್ದವು. ಅಷ್ಟು ಹೆಸರಿದ್ದವರೇ ಪಟ್ಟು ಹಿಡಿಯಬೇಕಾಯಿತು. ನಮ್ಮ ಮನೆಯ ಬಾಣಂತಿ ಕೋಣೆಯೊಳಗಿಂದ "ಉಮ್ಮಾ, ಉಸಿರಾಡ್ಲಿಕ್ಕೆ ಆಗುದಿಲ್ಲ" ಎಂದಾಗ ಕೇಳಿಸಿಕೊಳ್ಳಬೇಕಾದವರು ನಾವು.

ಗರ್ಭಿಣಿಯರಿಗೆ ವಾರ್ಫರಿನ್ ಸಾಮಾನ್ಯವಾಗಿ ಕೊಡುವುದಿಲ್ಲ, ಮಗುವಿಗೆ ಹಾನಿಯಾಗಬಹುದು. ಹೆಪಾರಿನ್ ಮಾಸು ದಾಟಿ ಮಗುವನ್ನು ಮುಟ್ಟುವುದಿಲ್ಲ. ಹಾಗಾಗಿ ಆಗ ಇಂಜೆಕ್ಷನ್ನೇ ದಾರಿ. ಮೇಲೆ ಹೇಳಿದ ಮಸ್‌ಅಲ ಹೆಚ್ಚು ಬೇಕಾಗುವುದು ಇಂಥವರಿಗೆ.

ಉಮ್ರಾ, ಗಲ್ಫ್, ಬೆಂಗಳೂರು ಬಸ್

ನಾಲ್ಕು ಗಂಟೆ ಅಥವಾ ಹೆಚ್ಚು ಹೊತ್ತು ಕದಲದೆ ಕೂತು ಪ್ರಯಾಣಿಸಿದರೆ ಹೆಪ್ಪಿನ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದೆ. ಹೆದರಬೇಕಿಲ್ಲ, ಆಗಲೂ ಅದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ. ವಿಮಾನಕ್ಕೆ ಮಾತ್ರವಲ್ಲ, ಬಸ್ಸು, ಕಾರು, ರೈಲಿಗೂ ಇದೇ ಲೆಕ್ಕ. ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಹಿಂದೆ ಹೆಪ್ಪು ಬಂದವರು ಟಿಕೆಟ್ ಮಾಡುವ ಮೊದಲೇ ಡಾಕ್ಟರನ್ನು ಕೇಳಿ. ಬಿಗಿ ಸ್ಟಾಕಿಂಗ್ಸ್ ಹಾಕಲೇಬೇಕಾದ ಗಂಡಸರು ಇಹ್‌ರಾಮ್‌ನಲ್ಲೂ ಹಾಕಬಹುದು, ಫಿದ್‌ಯ ಕೊಡಬೇಕಾಗುತ್ತದೆ.

ಮನಸ್ಸಿನ ಮಾತು

ಯಾರೂ ಮೊದಲೇ ಹೇಳದ ಒಂದು ಸಂಗತಿ ಭಯ. ತಿಂಗಳುಗಟ್ಟಲೆ ರಾತ್ರಿ ಕಾಲು ಸ್ವಲ್ಪ ಸೆಳೆದರೂ ಎದ್ದು ಕೂರುತ್ತಿದ್ದೆ. ಎರಡು ತರಗತಿ ಪಾಠ ಮಾಡಿದರೆ ಮೈ ಬಳಲುತ್ತಿತ್ತು. ಮದ್ರಸದ ಒಂದು ಮಗು "ಉಸ್ತಾದ್, ನಿಮ್ಮ ರಕ್ತ ಮೊಸರಾಯ್ತಂತೆ?" ಎಂದು ಕೇಳಿದಾಗ ಬಹಳ ದಿನದ ನಂತರ ಮನಸಾರೆ ನಕ್ಕೆ. ಡಾಕ್ಟರಲ್ಲಿ ಭಯದ ವಿಷಯ ಹೇಳಿದಾಗ, ಇದು ಹಲವರಿಗೆ ಆಗುತ್ತದೆ, ಸುಸ್ತು ನಿಧಾನವಾಗಿ ಹೋಗುತ್ತದೆ ಎಂದರು. ಹಾಗೆಯೇ ಆಯಿತು. ಮೊದಲು ಅಂಗಳದಲ್ಲಿ ಹತ್ತು ನಿಮಿಷ, ಮತ್ತೆ ಮಸೀದಿಯ ತನಕ, ಮತ್ತೆ ಪೇಟೆಯ ತನಕ ನಡೆದೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುವುದನ್ನು ಬಿಟ್ಟಿದ್ದೇನೆ, ಅರ್ಧ ಗಂಟೆಗೊಮ್ಮೆ ಎದ್ದು ಮಕ್ಕಳ ನಡುವೆ ಓಡಾಡುತ್ತೇನೆ. ಮೂರು ತಿಂಗಳು ದಾಟಿದರೂ ಉಸಿರಾಟ ಸರಿಯಾಗದಿದ್ದರೆ, ಕಾಲಿನ ಭಾರ, ಬಾವು ಉಳಿದರೆ ಮತ್ತೆ ಪರೀಕ್ಷೆ ಬೇಕು ಎಂಬುದನ್ನೂ ನೆನಪಿಡಿ.

ನೋಡಲು ಹೋಗುವವರಲ್ಲಿ ಒಂದು ವಿನಂತಿ. ರೋಗಿಯನ್ನು ಸಂದರ್ಶಿಸುವುದು ಪುಣ್ಯದ ಕೆಲಸ. ಹೋದಲ್ಲಿ ಹೊಸ ಮದ್ದು ಹೇಳುವ ಬದಲು "ಇವತ್ತಿನ ಮಾತ್ರೆ ಆಯ್ತಾ?" ಎಂದು ಕೇಳಿ, ದುಆ ಮಾಡಿ ಬನ್ನಿ. ದೇಹ ನಮಗೆ ಅಲ್ಲಾಹನು ಕೊಟ್ಟ ಅಮಾನತ್. ಡಾಕ್ಟರ್ ಬರೆದುಕೊಟ್ಟ ಕೊನೆಯ ಮಾತ್ರೆಯ ತನಕ ಅದನ್ನು ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಎಲ್ಲ ರೋಗಿಗಳಿಗೂ ಅವನು ಪೂರ್ಣ ಶಿಫಾ ನೀಡಲಿ, ಆಮೀನ್.