ಗೂಬೆಕರಡಿಗೆ ಬಣ್ಣ ಬಳಿಯುವ ಬಗೆ

1970ರ ದಶಕದ ಆರಂಭದ ಮಾತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್ ಅಗ್ಗದ ಸಾಮಾನಿನ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಗೊಂಬೆಗಳ ಚೀಲವೊಂದನ್ನು ಕೊಂಡರು. ಹಾಂಕಾಂಗ್‌ನಲ್ಲಿ ತಯಾರಾದ ಆ ಗೊಂಬೆಗಳು ವಿಚಿತ್ರವಾಗಿದ್ದವು. ಇದು ಇಂಥದೇ ಪ್ರಾಣಿ ಎಂದು ಬೊಟ್ಟುಮಾಡಿ ಹೇಳುವಂತಿರಲಿಲ್ಲ. ಗೈಗ್ಯಾಕ್ಸ್‌ಗೆ ಬೇಕಾಗಿದ್ದುದೂ ಅಂಥವೇ. ಮೇಜಿನ ಮೇಲೆ ಆಡುವ ತಮ್ಮ ಕಾಳಗದ ಆಟಕ್ಕೆ ಅವರು ರಾಕ್ಷಸ ಜೀವಿಗಳನ್ನು ಹುಡುಕುತ್ತಿದ್ದರು. ಆ ಚೀಲದ ಒಂದು ಗೊಂಬೆಯಿಂದ ಹುಟ್ಟಿದ್ದು 'ಔಲ್‌ಬೇರ್'. ಗೂಬೆಯ ಮುಖ, ಕರಡಿಯ ಮೈ. ಕನ್ನಡದಲ್ಲಿ ಗೂಬೆಕರಡಿ ಎನ್ನಬಹುದು.

ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟ 1974ರಲ್ಲಿ ಪ್ರಕಟವಾಯಿತು. ಮರುವರ್ಷ ಬಂದ ಅದರ ಪೂರಕ ಪುಸ್ತಕ 'ಗ್ರೇಹಾಕ್'ನಲ್ಲಿ ಗೂಬೆಕರಡಿ ಸೇರಿಕೊಂಡಿತು. ಈ ಆಟದಲ್ಲಿ ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬ ಯೋಧನಾದರೆ ಇನ್ನೊಬ್ಬ ಮಾಂತ್ರಿಕ. ಕಥೆ ನಡೆಸುವವನು ಮತ್ತೊಬ್ಬ. ಏಟು ತಗುಲಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ತೋರಿಸಲು ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನು ಇಡುತ್ತಾರೆ.

ಈ ಗೊಂಬೆಗಳು ಹೆಚ್ಚಾಗಿ ಬೂದುಬಣ್ಣದಲ್ಲೇ ಅಂಗಡಿಗೆ ಬರುತ್ತವೆ. ಬಣ್ಣವಿಲ್ಲದೆಯೂ ಆಟ ನಡೆಯುತ್ತದೆ. ಹಾಗಿದ್ದರೂ ಒಂದು ಗೊಂಬೆಗೆ ವಾರಗಟ್ಟಲೆ ಸಂಜೆಗಳನ್ನು ಮುಡಿಪಿಡುವವರಿದ್ದಾರೆ. ಇದು ಬರಿಯ ಶೋಕಿಯೇ?

ಉತ್ತರ ಗೊಂಬೆಯ ಅಳತೆಯಲ್ಲಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆಯಲ್ಲಿ ಮನುಷ್ಯನ ಗೊಂಬೆ ಸುಮಾರು 28 ಮಿಲಿಮೀಟರ್ ಎತ್ತರವಿರುತ್ತದೆ. ಅಂದರೆ ನಿಜವಾದ ಎತ್ತರದ ಹೆಚ್ಚುಕಡಿಮೆ 60ರಲ್ಲಿ ಒಂದು ಪಾಲು. ಎಂಟು ಅಡಿಯ ಗೂಬೆಕರಡಿ ಈ ಲೆಕ್ಕದಲ್ಲಿ 40 ಮಿಲಿಮೀಟರ್ ಆಗುತ್ತದೆ. ನಿಲ್ಲಿಸಿದ ಬೆಂಕಿಪೊಟ್ಟಣಕ್ಕಿಂತ ತುಸು ಗಿಡ್ಡ. ನಿಜವಾದ ಕರಡಿಯ ಮೇಲೆ ಬಿಸಿಲು ಬಿದ್ದರೆ ಕಂಕುಳಲ್ಲಿ, ಹೊಟ್ಟೆಯ ಕೆಳಗೆ ದಟ್ಟ ನೆರಳು ಮೂಡುತ್ತದೆ. ಗೊಂಬೆಯ ತುಪ್ಪಳದ ಗೀರುಗಳಾದರೋ ಒಂದು ಮಿಲಿಮೀಟರ್ ಆಳವೂ ಇರುವುದಿಲ್ಲ. ಕೋಣೆಯ ಬೆಳಕು ನಾಲ್ಕೂ ಕಡೆಯಿಂದ ನುಗ್ಗಿ ಅಲ್ಲಿನ ನೆರಳನ್ನು ಅಳಿಸಿಹಾಕುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬಂತೆ, ಒಂದು ಮಾರು ಆಚೆಯಿಂದ ನೋಡಿದರೆ ಕಾಣುವುದು ಬರಿಯ ಮುದ್ದೆ. ಆದ್ದರಿಂದ ಇಲ್ಲದ ನೆರಳನ್ನು ಕುಂಚದಲ್ಲೇ ಬರೆಯಬೇಕು. ಈ ಕಲೆಯ ಗುಟ್ಟೆಲ್ಲ ಇಷ್ಟೇ.

ಕೆಲಸ ಶುರುವಾಗುವುದು ಸಾಬೂನಿನಿಂದ. ಅಚ್ಚಿನಿಂದ ಗೊಂಬೆ ಸಲೀಸಾಗಿ ಬಿಡಲೆಂದು ಸವರಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಉಳಿಯುವ ಏಣನ್ನು ಚಾಕುವಿನಿಂದ ಹೆರೆಯಬೇಕು. ಬಳಿಕ ತೆಳುವಾಗಿ ಪ್ರೈಮರ್. ಅದು ಒಣಗಿದ ಮೇಲೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಎರಡು ಮೂರು ತೆಳು ಪದರಗಳಲ್ಲಿ ಹಚ್ಚುತ್ತಾರೆ. ಅವಸರಪಟ್ಟು ದಪ್ಪಗೆ ಬಳಿದರೆ ತುಪ್ಪಳದ ಗೀರುಗಳೇ ಮುಚ್ಚಿಹೋಗುತ್ತವೆ.

ಮುಂದಿನದು ನೆರಳು. ಕಡುಕಂದು ಬಣ್ಣವನ್ನು ತೀರಾ ತೆಳುಮಾಡಿ ಮೈಮೇಲೆ ಹರಿಯಬಿಡುತ್ತಾರೆ. ಅದು ತಾನೇ ತಗ್ಗುಗಳಿಗೆ ಇಳಿದು ಅಲ್ಲಿ ಕಪ್ಪಾಗಿ ಒಣಗುತ್ತದೆ. ಇದಕ್ಕೆ 'ವಾಶ್' ಎಂದು ಹೆಸರು. ಆಮೇಲೆ ಬೆಳಕಿನ ಸರದಿ. ಕುಂಚಕ್ಕೆ ತಿಳಿಬಣ್ಣ ಹಿಡಿಸಿ, ಅದರಲ್ಲಿ ಹೆಚ್ಚಿನಂಶವನ್ನು ಬಟ್ಟೆಗೆ ಒರೆಸಿ, ಒಣಗಿದಂತಿರುವ ಆ ಕುಂಚವನ್ನು ಮೈಮೇಲೆ ಹಗುರವಾಗಿ ಆಡಿಸಿದರೆ ಉಬ್ಬುಗಳಿಗೆ ಮಾತ್ರ ಬಣ್ಣ ತಾಗುತ್ತದೆ. ತುಪ್ಪಳ, ಗರಿಗಳಿಗೆ ಇದು ಹೇಳಿಮಾಡಿಸಿದ ವಿಧಾನ. ಮುದ್ದೆಯಂತಿದ್ದ ಗೊಂಬೆಯಲ್ಲಿ ಒಂದೊಂದೇ ಗರಿ ಎದ್ದು ಕಾಣತೊಡಗುವುದು ಈ ಹಂತದಲ್ಲೇ. ಕೊಕ್ಕು, ಉಗುರು, ಕಣ್ಣುಗಳನ್ನು ಸಣ್ಣ ಕುಂಚದಿಂದ ತಿದ್ದುತ್ತಾರೆ. ಆಡುವವರ ಬೆರಳಿಗೆ ಸಿಕ್ಕು ಬಣ್ಣ ಸವೆಯದಿರಲೆಂದು ಕೊನೆಗೆ ವಾರ್ನಿಷ್.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. 1970 ಮತ್ತು 80ರ ದಶಕಗಳ ಲೋಹದ ಗೊಂಬೆಗಳಲ್ಲಿ ಸೀಸ ಧಾರಾಳವಾಗಿ ಇರುತ್ತಿತ್ತು. ಅದು ಸುಲಭವಾಗಿ ಕರಗುತ್ತದೆ, ಅಗ್ಗವೂ ಹೌದು. ಆದರೆ ಸೀಸ ವಿಷ. ವಿಶೇಷವಾಗಿ ಮಕ್ಕಳ ಮಿದುಳಿಗೆ ಕೆಡುಕು. ಅಮೆರಿಕದಲ್ಲಿ ಕಾನೂನಿನ ಬಿಸಿ ತಟ್ಟಿದಾಗ, 1993ರ ಹೊತ್ತಿಗೆ ರಾಲ್ ಪಾರ್ಥಾದಂಥ ಕಂಪೆನಿಗಳು ಸೀಸವಿಲ್ಲದ ಮಿಶ್ರಲೋಹಕ್ಕೆ ಹೊರಳಿದವು. ಗೊಂಬೆಗಳ ಬೆಲೆಯೂ ಏರಿತು. ಹಳೆಯ ಗೊಂಬೆಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಅವನ್ನು ಅರ ಹಾಕಿ ಉಜ್ಜಿದರೆ ಏಳುವ ದೂಳು ಅಪಾಯಕಾರಿ. ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ಬಹಳ ಮಂದಿಗಿದೆ. ಅದನ್ನು ಬಿಡುವುದೇ ಲೇಸು.

ಇನ್ನು ಯಾವ ಬಣ್ಣ ಎಂಬ ಪ್ರಶ್ನೆ. 1977ರ 'ಮಾನ್‌ಸ್ಟರ್ ಮ್ಯಾನ್ಯುಯಲ್' ಪುಸ್ತಕ ಗೂಬೆಕರಡಿಗೆ ಕಪ್ಪುಗಂದಿನಿಂದ ಹಳದಿಗಂದಿನವರೆಗಿನ ಮೈಬಣ್ಣವನ್ನೂ, ಹಳದಿಯಿಂದ ದಂತವರ್ಣದವರೆಗಿನ ಕೊಕ್ಕನ್ನೂ ಹೇಳುತ್ತದೆ. ಆದರೆ ಕಂಡವರಿಲ್ಲದ ಪ್ರಾಣಿಗೆ ಇದೇ ಬಣ್ಣ ಎಂದು ಹಟ ಹಿಡಿಯುವವರು ಯಾರು? ಹಿಮಗೂಬೆಯನ್ನು ನೋಡಿ ಬಿಳಿ ಬಳಿಯುವವರಿದ್ದಾರೆ, ಕಣಜಗೂಬೆಯನ್ನು ನೋಡಿ ಹೊನ್ನಿನ ಬಣ್ಣ ಹಚ್ಚುವವರಿದ್ದಾರೆ. ಸುಳ್ಳುಪ್ರಾಣಿಯನ್ನು ನಂಬಿಸಲು ನಿಜವಾದ ಹಕ್ಕಿಯನ್ನು ಗಮನವಿಟ್ಟು ನೋಡಲೇಬೇಕಾಗುತ್ತದೆ.

ಇಷ್ಟೆಲ್ಲ ಪಾಡುಪಟ್ಟ ಮೇಲೆ, ಮೇಜಿನ ಮೇಲೆ ಇಟ್ಟ ಹತ್ತೇ ನಿಮಿಷದಲ್ಲಿ ದಾಳ ತಿರುಗಿಬಿದ್ದು ಗೂಬೆಕರಡಿ ಸತ್ತೂ ಹೋಗಬಹುದು. ಬಣ್ಣ ಹಚ್ಚಿದವರಿಗೆ ಅದರ ಬೇಸರವಿಲ್ಲ. ಡಬ್ಬಿಯೊಳಗೆ ಹತ್ತಿಯ ಮೇಲೆ ಮಲಗಿಸುತ್ತಾರೆ. ಮುಂದಿನ ವಾರ ಅದು ಮತ್ತೆ ಏಳುತ್ತದೆ, ತನ್ನ ನೆರಳಿನ ಸಮೇತ.