ಮಡಕೆ ಕಟ್ಟುವ ಮುನ್ನ: ಮನೆಯ ಪಂಜರದಲ್ಲಿ ಹಕ್ಕಿಮರಿ ಬೇಕೆ?

ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ, ವಿಶೇಷವಾಗಿ ಮಕ್ಕಳಿರುವ ಮನೆಗಳಲ್ಲಿ, ಬಾಲ್ಕನಿಯ ಮೂಲೆಯಲ್ಲಿ ತಂತಿಯ ಪಂಜರವೊಂದು ತೂಗುತ್ತಿರುವುದು ಅಪರೂಪವೇನಲ್ಲ. ಅದರೊಳಗೆ ಹಸುರು, ಹಳದಿ ಅಥವಾ ನೀಲಿ ಬಣ್ಣದ ಜೋಡಿ ಹಕ್ಕಿಗಳು. ನಾವೆಲ್ಲ ಇವನ್ನು ‘ಲವ್ ಬರ್ಡ್ಸ್’ ಎಂದೇ ಕರೆಯುತ್ತ ಬಂದಿದ್ದೇವೆ. ವಾಸ್ತವವಾಗಿ ಆ ಹೆಸರು ಆಫ್ರಿಕದ ಬೇರೊಂದು ಗಿಳಿಜಾತಿಗೆ ಸಲ್ಲತಕ್ಕದ್ದು. ನಮ್ಮ ಪಂಜರಗಳಲ್ಲಿ ಹೆಚ್ಚಾಗಿ ಇರುವುದು ಆಸ್ಟ್ರೇಲಿಯಾದ ಒಣ ಒಳನಾಡಿನ ಬಜರಿಗಾರ್. ಜೋಡಿ ಮನೆಗೆ ಬಂದು ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳ ಬಾಯಿಂದ, ಕೆಲವೆಡೆ ಹಿರಿಯರ ಬಾಯಿಂದಲೂ, ಪ್ರಶ್ನೆಯೊಂದು ಹೊರಡುತ್ತದೆ: ಇವು ಮರಿ ಮಾಡುವುದಿಲ್ಲವೆ?

ಮಾಡುತ್ತವೆ, ಬಹು ಸುಲಭವಾಗಿ. ತೊಡಕಿರುವುದೇ ಅಲ್ಲಿ.

ಬಜರಿಗಾರ್ ಹಕ್ಕಿ ಹುಲ್ಲಿನ ಗೂಡು ಹೆಣೆಯುವುದಿಲ್ಲ. ತಾಯ್ನಾಡಿನಲ್ಲಿ ಅದು ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಅಲ್ಲಿ ಮಳೆ ಬರುವ ಕಾಲ ನಿಶ್ಚಿತವಲ್ಲ. ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದೊಡನೆ ವಿಳಂಬವಿಲ್ಲದೆ ಸಂತಾನಕ್ಕೆ ಮುಂದಾಗುವುದು ಈ ಹಕ್ಕಿಗೆ ಪ್ರಕೃತಿಯೇ ಕಲಿಸಿದ ಪಾಠ. ನಮ್ಮ ಪಂಜರದಲ್ಲಾದರೋ ವರ್ಷವಿಡೀ ನವಣೆ, ನೀರು ಧಾರಾಳ. ಗಂಡಿನ ಮೆಲುದನಿಯ ಹಾಡು ಕಿವಿಗೆ ಬೀಳುತ್ತಿದ್ದಂತೆ ಹೆಣ್ಣಿನ ಅಂಡಾಶಯವು ಬೆಳೆಯತೊಡಗುತ್ತದೆಂಬುದು ಸಂಶೋಧಕರು ಕಂಡುಕೊಂಡಿರುವ ಸಂಗತಿ. ಇನ್ನು ಬೇಕಾಗಿರುವುದು ಕತ್ತಲೆಯ ಒಂದು ಪೊಟರೆ ಮಾತ್ರ. ಅಂಗಡಿಯವನು ಪಂಜರದೊಡನೆ ಕೊಡುವ ತೂತುಳ್ಳ ಮಣ್ಣಿನ ಮಡಕೆಯೇ ಆ ಪೊಟರೆ. ಆದುದರಿಂದ ಮರಿ ಬೇಕೇ ಬೇಡವೇ ಎಂಬ ತೀರ್ಮಾನವು ಮೊಟ್ಟೆ ಕಂಡ ದಿನ ಆಗತಕ್ಕದ್ದಲ್ಲ. ಮಡಕೆ ಕಟ್ಟುವ ದಿನವೇ ಆಗಬೇಕು. ಅಲಂಕಾರಕ್ಕೆಂದು ಮಡಕೆ ತೂಗುಹಾಕಿ, ಬಳಿಕ ಮೊಟ್ಟೆ ಕಂಡು ಬೆರಗಾಗುವ ಮನೆಗಳೇ ಹೆಚ್ಚು.

ಮಡಕೆ ಕಟ್ಟಿದ ಮೇಲೆ ನಡೆಯುವುದೇನು? ಒಂದೆರಡು ವಾರಗಳಲ್ಲಿ ಮೊದಲ ಮೊಟ್ಟೆ. ಆ ಮೇಲೆ ದಿನ ಬಿಟ್ಟು ದಿನ ಒಂದರಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು. ಕಾವು ಕೊಡುವುದು ಹೆಣ್ಣೇ. ಗಂಡು ಅದಕ್ಕೆ ಗುಟುಕು ತಂದುಕೊಡುತ್ತದೆ. ಸುಮಾರು 18 ದಿನಗಳಿಗೆ ಮರಿ ಹೊರಬರುತ್ತದೆ. ಮೊದಲ ಒಂದೆರಡು ಮೊಟ್ಟೆಗಳಿಂದಲೇ ಕಾವು ಆರಂಭವಾಗುವುದರಿಂದ ಮರಿಗಳೂ ಒಂದೇ ದಿನ ಹುಟ್ಟುವುದಿಲ್ಲ. ಹಿರಿಯ ಮರಿಗೆ ಕಣ್ಣು ತೆರೆಯುವ ಹೊತ್ತಿಗೆ ಕಿರಿಯದು ಇನ್ನೂ ಚಿಪ್ಪೊಡೆಯುತ್ತಿರಬಹುದು. ಕಿರಿಯದು ತುಳಿತಕ್ಕೆ ಸಿಕ್ಕಿಯೋ ಗುಟುಕು ಸಾಲದೆಯೋ ಸಾಯುವುದುಂಟು. ಮಡಕೆಯ ತಳ ನುಣುಪಾಗಿದ್ದು ಮೇಲೆ ಮರದ ಹೊಟ್ಟು ಹಾಸದಿದ್ದಲ್ಲಿ ಮರಿಯ ಕಾಲುಗಳು ಎರಡು ಕಡೆಗೆ ಜಾರಿ ಹಾಗೆಯೇ ಗಟ್ಟಿಯಾಗುತ್ತವೆ. ಐದು ವಾರಗಳಿಗೆ ಮರಿ ಹೊರಗೆ ಬಂದರೂ ಇನ್ನೊಂದೆರಡು ವಾರ ತಂದೆಯ ಗುಟುಕು ಬೇಕು. ಮಕ್ಕಳಿಗೆ ಇದನ್ನು ತೋರಿಸುವುದು ಒಳ್ಳೆಯದೇ. ಆದರೆ ಬೆಳಗ್ಗೆ ಮಡಕೆಯೊಳಗೆ ಸತ್ತ ಮರಿ ಕಂಡಾಗ ಅವರಿಗೆ ಹೇಳಬೇಕಾದ ಮಾತನ್ನೂ ಹಿರಿಯರು ಸಿದ್ಧಮಾಡಿಟ್ಟುಕೊಳ್ಳಬೇಕಾಗುತ್ತದೆ.

ತಾಯಿಹಕ್ಕಿಯ ಕಷ್ಟ ಬೇರೆ. ಅದರ ತೂಕ 30–40 ಗ್ರಾಂ. ಅಷ್ಟು ಪುಟ್ಟ ದೇಹ ಐದಾರು ಮೊಟ್ಟೆಗಳ ಚಿಪ್ಪಿಗೆ ಬೇಕಾದ ಸುಣ್ಣವನ್ನು ತನ್ನೊಳಗಿನಿಂದಲೇ ತೆಗೆಯಬೇಕು. ಅದಕ್ಕಾಗಿ ಪಂಜರದಲ್ಲಿ ಸಮುದ್ರನೊರೆಯ ತುಂಡು ಸದಾ ಇರತಕ್ಕದ್ದು. ಸುಣ್ಣ ಸಾಲದಿದ್ದರೆ, ಇಲ್ಲವೇ ಹಕ್ಕಿಗೆ ವರ್ಷ ತುಂಬದಿದ್ದರೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಹೆಣ್ಣು ಪಂಜರದ ತಳದಲ್ಲಿ ಗರಿ ಉಬ್ಬಿಸಿ ಮುದುಡಿ ಕುಳಿತಿದ್ದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಕೆಲವೇ ಗಂಟೆಗಳ ಮಾತು. ನಮ್ಮ ಬಡಾವಣೆಗಳ ಪಶುವೈದ್ಯರಲ್ಲಿ ಅನೇಕರ ಅನುಭವ ನಾಯಿ-ಬೆಕ್ಕುಗಳದ್ದು. ಹಕ್ಕಿಗೆ ಚಿಕಿತ್ಸೆ ನೀಡುವವರು ಎಲ್ಲಿದ್ದಾರೆ, ಭಾನುವಾರ ಸಿಗುತ್ತಾರೆಯೇ ಎಂಬುದನ್ನು ಮಡಕೆ ಕಟ್ಟುವ ಮೊದಲೇ ವಿಚಾರಿಸಿಡುವುದು ಲೇಸು. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಮರಿ ಮಾಡಿಸಬಾರದು. ಆದರೆ ಮಡಕೆ ತೆಗೆಯದಿದ್ದರೆ ಹಕ್ಕಿ ತಾನಾಗಿ ನಿಲ್ಲಿಸುವುದಿಲ್ಲ, ನಿಶ್ಶಕ್ತಿಯಿಂದ ಬೀಳುವವರೆಗೂ ಇಡುತ್ತಲೇ ಇರುತ್ತದೆ.

ನಾವು ಬ್ಯಾಂಕಿನಲ್ಲಿ ಜೀವ ಸವೆಸಿದವರಾದುದರಿಂದ ಲೆಕ್ಕ ಹೇಳದೆ ಇರಲಾಗದು. ಒಂದು ಜೋಡಿಯು ವರ್ಷಕ್ಕೆರಡು ಸಲ, ಸಲಕ್ಕೆ ನಾಲ್ಕರಂತೆ ಮರಿ ಉಳಿಸಿಕೊಂಡರೆ ವರ್ಷಾಂತ್ಯಕ್ಕೆ ಹಕ್ಕಿ ಹತ್ತು. ಅವೆಲ್ಲ ಜೋಡಿಯಾಗಿ ಅದೇ ಕ್ರಮದಲ್ಲಿ ಮುಂದುವರಿದರೆ ಎರಡನೆಯ ವರ್ಷಕ್ಕೆ ಐವತ್ತು, ಮೂರನೆಯ ವರ್ಷಕ್ಕೆ ಇನ್ನೂರೈವತ್ತು. ಯಾವ ಠೇವಣಿಯ ಚಕ್ರಬಡ್ಡಿಯೂ ಹೀಗೆ ಏರುವುದನ್ನು ನಾವು ಕಂಡಿಲ್ಲ! ಮನೆಯಲ್ಲಿ ಅಷ್ಟಾಗದು ನಿಜ. ಆದರೆ ಮೊದಲ ವರ್ಷದ ಹತ್ತೇ ಒಂದು ಬೆಡ್‌ರೂಮಿನ ಫ್ಲಾಟಿಗೆ ವಿಪರೀತ. ಗರಿಯ ನವಿರಾದ ಧೂಳು ಉಬ್ಬಸವಿರುವ ಹಿರಿಯರ ಎದೆಯನ್ನು ಕೆಡಿಸುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕಾಳು ಬೂಷ್ಟು ಹಿಡಿಯುತ್ತದೆ. ಮುಂಜಾನೆಯ ಕಲರವ ನಮಗೆ ಇಂಪಾದರೂ ಪಕ್ಕದ ಮನೆಯ ಹತ್ತನೆಯ ತರಗತಿಯ ಹುಡುಗನಿಗೆ ಇಂಪಾಗಬೇಕೆಂದಿಲ್ಲ. ಜೊತೆಗೆ ಒಡಹುಟ್ಟಿದವು ಕೂಡಿ ಮರಿ ಮಾಡದಂತೆ ಪ್ರತ್ಯೇಕ ಪಂಜರವೂ ಬೇಕು.

ಹಾಗಾದರೆ ಮರಿಗಳು ಎಲ್ಲಿಗೆ ಹೋಗುವವು? ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದು. ಬಂಧುಗಳು ಮೊದಲೆರಡನ್ನು ಉತ್ಸಾಹದಿಂದ ಒಯ್ಯುತ್ತಾರೆ. ಮುಂದಿನ ಸಲ ಫೋನು ಎತ್ತುವುದಿಲ್ಲ. ಅಂಗಡಿಗೆ ಕೊಟ್ಟರೆ ಸಿಗುವುದು ಅಲ್ಪ; ಹಕ್ಕಿ ಮುಂದೆ ಯಾರ ಕೈ ಸೇರಿತೆಂಬುದು ತಿಳಿಯದು. ‘ಹಾರಿಬಿಟ್ಟರೆ ಪುಣ್ಯ’ ಎಂಬವರೂ ಇದ್ದಾರೆ. ಪಂಜರದಲ್ಲಿ ಹುಟ್ಟಿದ ನೀಲಿಹಕ್ಕಿಯನ್ನು ಕಾಗೆ-ಹದ್ದುಗಳ ಈ ನಗರದ ಆಕಾಶಕ್ಕೆ ಬಿಡುವುದು ಪುಣ್ಯವಲ್ಲ, ಕೈಯಾರೆ ಕೊಲ್ಲುವುದಕ್ಕೆ ಸಮ. ಅದಕ್ಕೆ ಮೇವು ಹುಡುಕುವುದೂ ಗೊತ್ತಿಲ್ಲ, ಶತ್ರುವನ್ನು ಗುರುತಿಸುವುದೂ ಗೊತ್ತಿಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡಬಹುದು. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ವಿದೇಶೀ ಬಜರಿಗಾರ್‌ಗೆ ಆ ನಿರ್ಬಂಧವಿಲ್ಲ. ಆದರೆ 2022ರ ತಿದ್ದುಪಡಿಯ ಬಳಿಕ ಆಫ್ರಿಕದ ಬೂದುಗಿಳಿ, ಮಕಾವ್ ಮುಂತಾದವನ್ನು ಇಟ್ಟುಕೊಂಡವರು ಅವುಗಳನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೂ ಹಕ್ಕಿ ಸತ್ತರೂ ತಿಳಿಸಬೇಕು. ಪಂಜರದ ಪ್ರಾಣಿ-ಪಕ್ಷಿಗಳ ಮಾರಾಟವನ್ನೇ ವ್ಯಾಪಾರವಾಗಿ ನಡೆಸುವವರಿಗೆ 2018ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಕಡ್ಡಾಯ. ಮರಿ ಮಾರಿ ನಾಲ್ಕು ಕಾಸು ಗಳಿಸುವ ಯೋಚನೆಯಿರುವವರು ಇದನ್ನು ಮೊದಲು ಗಮನಿಸತಕ್ಕದ್ದು.

ಇಷ್ಟಾದರೂ ಮರಿ ಮಾಡಿಸಲೇಬಾರದೆಂದು ನಾವು ಹೇಳುವುದಿಲ್ಲ. ನಾಲ್ಕೈದು ಮರಿಗಳನ್ನು ಅವುಗಳ ಆಯುಷ್ಯವಿಡೀ, ಅಂದರೆ ಐದರಿಂದ ಹತ್ತು ವರ್ಷ, ತಾವೇ ಸಾಕಲು ಸ್ಥಳ ಮತ್ತು ಮನಸ್ಸು ಇರುವವರು ಒಮ್ಮೆ ಮಡಕೆ ಕಟ್ಟಲಿ, ಮರಿ ಹೊರಬಂದ ಮೇಲೆ ಅದನ್ನು ಬಿಚ್ಚಿಡಲಿ. ಊರಿಗೆ ಹೋಗುವ ಮೇ ತಿಂಗಳ ರಜೆಯ ಮುಂದೆಯಂತೂ ಬೇಡ. ಕಾವಿಗೆ ಕುಳಿತ ಹಕ್ಕಿಯ ಪಂಜರವನ್ನು ನೆರೆಯವರಿಗೆ ಒಪ್ಪಿಸಿ ರೈಲು ಹತ್ತುವುದು ಉಚಿತವಲ್ಲ.

ಮರಿ ಬೇಡವೆನ್ನುವವರ ದಾರಿ ಸರಳ. ಕೊಳ್ಳುವಾಗ ಕೊಕ್ಕಿನ ಮೇಲ್ಭಾಗವನ್ನು ನೋಡಬೇಕು: ಬೆಳೆದ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಪೂರ್ಣ ಬಿಳಿ, ಪೂರ್ಣ ಹಳದಿ ಹಕ್ಕಿಗಳಿಗೆ ಮತ್ತು ಎಳೆಯವಕ್ಕೆ ಈ ಗುರುತು ನಂಬಲರ್ಹವಲ್ಲ. ಎರಡು ಗಂಡುಗಳು ಒಟ್ಟಿಗೆ ಸುಖವಾಗಿರುತ್ತವೆ, ಹಾಡುವುದರಲ್ಲೂ ಕೊರತೆಯಿಲ್ಲ. ಈಗಾಗಲೇ ಗಂಡು-ಹೆಣ್ಣು ಇದ್ದರೆ ಮಡಕೆ, ಡಬ್ಬಿ, ಕತ್ತಲೆಯ ಮೂಲೆ ಯಾವುದೂ ಪಂಜರದಲ್ಲಿರಬಾರದು. ಸಂಜೆಯಾದೊಡನೆ ಬಟ್ಟೆ ಹೊದಿಸಿ ಬೆಳಕಿನ ಅವಧಿಯನ್ನು ಕಡಿಮೆ ಮಾಡಬೇಕು. ಹಾಗಿದ್ದೂ ಹೆಣ್ಣು ಪಂಜರದ ತಳದಲ್ಲಿ ಮೊಟ್ಟೆಯಿಟ್ಟರೆ ಒಡನೆಯೇ ತೆಗೆದೆಸೆಯಬಾರದು, ತೆಗೆದರೆ ಅದು ಮತ್ತೊಂದನ್ನಿಡುತ್ತದೆ. ಮೊಟ್ಟೆಯನ್ನು ಕುದಿಸಿ ತಣಿಸಿ ಅಲ್ಲಿಯೇ ಇಟ್ಟರೆ ಮೂರು ವಾರಗಳಲ್ಲಿ ಹಕ್ಕಿಯೇ ಬೇಸತ್ತು ಎದ್ದುಹೋಗುತ್ತದೆ.